ಅರ್ಧಕ್ಕೇ ಎದ್ದು ಹೋಗುತ್ತಿದ್ದ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ತಡವಾಗಿ, ಹಾಸನದ ಕೋರ್ಟಿನ ಕ್ಯಾಂಟೀನಿನಲ್ಲಿ. ಜಮೀನಿನ ವ್ಯಾಜ್ಯಕ್ಕೆಂದು ಬಂದಿದ್ದ ಕೊಣನೂರು ಕಡೆಯ ಕಕ್ಷಿದಾರರೊಬ್ಬರು ಕಾಫಿ ಲೋಟ ಕೆಳಗಿಡುತ್ತಾ, “ನಮ್ಮೂರ್ ಇಸ್ಟ್ರಿ ಮೇಡಮ್ಮೋರು ಓಗ್ಬುಟ್ರಲ್ಲ ಸಾ, ಉಗಾದಿಗೆ ಮುಂಚೆ. ನಿಮ್ಮಕ್ಕೋರ್ ಮನೇಗ್ ಬತ್ತಿದ್ರಂತೆ?” ಅಂದರು. ಬರುತ್ತಿದ್ದರು ಅಂದೆ. ಅಷ್ಟೇ ಅಂದೆ. ಆಮೇಲೆ ಅವರ ಪಹಣಿಯ ವಿಷಯ ಮಾತಾಡಿದೆವು. ಮಧ್ಯಾಹ್ನ ನಮ್ಮ ಸೀನಿಯರ್ ಬರಲಿಲ್ಲವಾಗಿ ನಾನೇ ವಾದ ಮಾಡಿದೆ. ಚೆನ್ನಾಗಿ ಮಾಡಿದೆ. ಮನೆಗೆ ಹೋಗುವ ದಾರಿಯಲ್ಲಿ ನನ್ನನ್ನು ಚುಚ್ಚಿದ್ದು ಅದೇ. ಇಂಥ ಸುದ್ದಿ ಕೇಳಿದ ದಿನವೂ ನನ್ನ ಮಾತಿಗೆ ಒಂದು ತಡೆ ಬರಲಿಲ್ಲ.

ಅವರು ನನ್ನ ಅಕ್ಕನಿಗೆ ಅರಕಲಗೂಡಿನ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವರು. ಕೊಣನೂರಿನ ಹತ್ತಿರದ ಒಕ್ಕಲು ಮನೆತನ. ಮದುವೆ ಆಗಿರಲಿಲ್ಲ; ನಿವೃತ್ತರಾದ ಮೇಲೆ ತಮ್ಮನ ಮನೆಯಲ್ಲಿದ್ದರು. ಕೈಯಲ್ಲಿ ಯಾವಾಗಲೂ ಪ್ಲಾಸ್ಟಿಕ್ ವೈರಿನ ಬುಟ್ಟಿ. ವಾಚನ್ನು ಮಣಿಕಟ್ಟಿನ ಒಳಮುಖಕ್ಕೆ ಕಟ್ಟುತ್ತಿದ್ದರು. ಹಾಗಾಗಿ ಗಂಟೆ ನೋಡಬೇಕಾದರೆ ಅಂಗೈ ಮೇಲಾಗುತ್ತಿತ್ತು, ಎದುರಿಗಿದ್ದವರಿಗೆ ಏನನ್ನೋ ಕೊಡುತ್ತಿರುವ ಹಾಗೆ. ಕೊಡುತ್ತಿದ್ದುದು ಮಾತ್ರ ಬಹಳ ಕಡಿಮೆ. ನನಗೂ ಅವರಿಗೂ ಇದ್ದ ಜಗಳವೇ ಅದು.

ಅಕ್ಕನನ್ನು ಕೊಟ್ಟಿದ್ದು ಹೊಳೆನರಸೀಪುರದ ಅರ್ಚಕರ ಮನೆಗೆ. ಅವಳ ಮಾವನವರು, ಅಂದರೆ ಹುಡುಗರ ತಾತ, ಮೊಮ್ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸುವುದಿಲ್ಲ, ಮನೆಯಲ್ಲೇ ವೇದ ಹೇಳಿಕೊಡುತ್ತೇನೆ ಎಂದು ಕೂತರು. ತೊಂಬತ್ತರ ದಶಕದ ಕೊನೆ ಅದು. ಬೀದಿಯ ಮಿಕ್ಕ ಮಕ್ಕಳೆಲ್ಲ ಕಾನ್ವೆಂಟಿನ ವ್ಯಾನು ಹತ್ತುತ್ತಿದ್ದ ಕಾಲ. ಅಕ್ಕ ಜಗಳವಾಡಲಿಲ್ಲ, ಒಂದು ಷರತ್ತು ಹಾಕಿದಳು. ಖಾಸಗಿಯಾಗಿಯಾದರೂ ಎಸ್ಸೆಸ್ಸೆಲ್ಸಿ ಕಟ್ಟಿಸಬೇಕು. ತಾತ ಒಪ್ಪಿದರು. ಲೆಕ್ಕಕ್ಕೆ ಭಾವ, ಕನ್ನಡ ಇಂಗ್ಲಿಷಿಗೆ ಅಕ್ಕ. ಚರಿತ್ರೆಗೆ ತನ್ನ ಹಳೆಯ ಮೇಡಂ ಅವರನ್ನು ಕೇಳಿಕೊಂಡಳು. ಅವರು ಶನಿವಾರ ಶನಿವಾರ ಬಸ್ಸು ಹತ್ತಿ ಬರತೊಡಗಿದರು. ಹಾಸನದಲ್ಲಿ ಡಿಗ್ರಿ ಓದುತ್ತಿದ್ದ ನಾನೂ ಶನಿವಾರವೇ ಅಕ್ಕನ ಮನೆಯ ಊಟಕ್ಕೆ ಹೋಗುತ್ತಿದ್ದೆ. ಹಾಗೆ ಪರಿಚಯ.

ಆ ಮನೆಯಲ್ಲಿ ಬೆಳಿಗ್ಗೆ ಸಂಥೆ. ತಾತ ಒಂದು ಸಾಲನ್ನು ಒಂದು ಸಲ ಹೇಳಿದರೆ ಹುಡುಗರು ಎರಡು ಸಲ ಹೇಳಬೇಕು. ಸ್ವರ ಇಳಿಯುವಲ್ಲಿ ತಲೆ ಬಗ್ಗಬೇಕು, ಏರುವಲ್ಲಿ ಎತ್ತಬೇಕು. ಅಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ದೊಡ್ಡವನು ಶ್ರೀಧರ, ಹನ್ನೊಂದು ಹನ್ನೆರಡರ ಹುಡುಗ, ಕಿವಿಗೆ ಬಿದ್ದದ್ದನ್ನು ಬಿಡುತ್ತಲೇ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಊರುಗಳ ಹೆಸರು ಕೂಗುವುದನ್ನು ಒಂದು ಸಲ ಕೇಳಿ ಬಂದು, ಮನೆಯಲ್ಲಿ ಸ್ವರಸಹಿತ ಒಪ್ಪಿಸುತ್ತಿದ್ದ. ಚಿಕ್ಕವನು ಗುಂಡ. ಅವನ ತಲೆ ಸ್ವರ ಇಳಿಯುವಾಗ ಏರುತ್ತಿತ್ತು, ಏರುವಾಗ ಬೀದಿಯ ಕಡೆ ತಿರುಗುತ್ತಿತ್ತು.

ಮೇಡಂ ಕೂರುತ್ತಿದ್ದುದು ಜಗುಲಿಯ ಮೇಲೆ. ಅಕ್ಕ ಎಷ್ಟು ಕರೆದರೂ ಒಳಗೆ ಬಂದವರಲ್ಲ. ಇದು ಜಾತಿಯ ಲೆಕ್ಕಾಚಾರ, ಇದನ್ನು ನೀವು ಪ್ರತಿಭಟಿಸಬೇಕು ಎಂದು ಒಂದು ದಿನ ನಾನು ಅವರಿಗೇ ಭಾಷಣ ಮಾಡಿದೆ. ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, “ನಿಂಗ್ ಬೇಕಿದ್ರೆ ನನ್ ಪರವಾಗಿ ಒಳೀಕ್ ಓಗಿ ಕೂತ್ಕಳಪ್ಪ. ನಂಗೆ ಸೆಕೆ” ಅಂದರು.

ಅವರ ಪಾಠವೆಂದರೆ ಹೀಗೆ. ಬುಟ್ಟಿಯಿಂದ ಒಂದು ವಸ್ತು ಹೊರಗೆ ಬರುತ್ತಿತ್ತು, ಇಲ್ಲವೇ ಒಂದು ಸಂಗತಿ. ಅದರ ಬಗ್ಗೆ ನಾಲ್ಕು ಮಾತು. ಹುಡುಗರು ಏನಾದರೂ ಕೇಳಿದರೆ, ಗೊತ್ತಿದ್ದರೆ ಒಂದು ಮಾತು, ಇಲ್ಲದಿದ್ದರೆ “ಗೊತ್ತಿಲ್ಲ.” ಕುತೂಹಲ ಹತ್ತಿತು ಅನ್ನುವ ಹೊತ್ತಿಗೆ ಅಂಗೈ ಮೇಲೆ ಮಾಡಿ ವಾಚು ನೋಡಿ, “ಇವತ್ತಿಗ್ ಸಾಕು” ಎಂದು ಚಪ್ಪಲಿ ಮೆಟ್ಟುತ್ತಿದ್ದರು. ಸಿಂಧೂ ಕಣಿವೆಯ ಚರಂಡಿಯ ಅರ್ಧದಲ್ಲಿ ಎದ್ದು ಹೋದದ್ದುಂಟು. ಬುದ್ಧ ಮನೆ ಬಿಟ್ಟ ರಾತ್ರಿ, ಅವನು ಬಾಗಿಲು ದಾಟುವ ಮೊದಲೇ ಮೇಡಂ ದಾಟಿದ್ದರು.

ಬರೆಸುತ್ತಿರಲಿಲ್ಲ. ಒಂದೇ ಮಾತನ್ನು ಎರಡು ಸಲ ಒಂದೇ ಥರ ಹೇಳುತ್ತಲೂ ಇರಲಿಲ್ಲ.

“ಮೇಡಂ, ಹೋದ ವಾರ ಬಂಡೆ ಅಂದ್ರಿ, ಈಗ ಕಲ್ಲುಗುಂಡು ಅಂತೀರಿ. ಯಾವುದು ಪಾಠ?” ಎಂದು ಶ್ರೀಧರ ಕೇಳಿದ.

“ಎಲ್ಡೂ ಅಲ್ಲ ಮಗ. ಅದ್ರ ಮ್ಯಾಲೆ ಒಬ್ಬ ರಾಜ ಏನೋ ಬರುಸ್ದ, ಅದು.”

ಯುದ್ಧ ಮಾಡಿ ಜನರನ್ನು ಕೊಂದು ಆಮೇಲೆ ಸಂಕಟಪಟ್ಟ ರಾಜ, ಆ ಸಂಕಟವನ್ನು ಬಂಡೆಯ ಮೇಲೆ ಕೆತ್ತಿಸಿದ ಸಂಗತಿ. ಅಷ್ಟು ಹೇಳಿ ಸುಮ್ಮನಾದರು. ನಾನು ಕಂಬಕ್ಕೆ ಒರಗಿ ನಿಂತು ಮುಂದಿನದಕ್ಕೆ ಕಾಯುತ್ತಿದ್ದೆ. ಕಾಲ, ಲಿಪಿ, ಸಾಮ್ರಾಜ್ಯದ ಎಲ್ಲೆ, ಏನಾದರೂ ಬರಲಿ ಎಂದು. ಗುಂಡ ಮೂಗು ಒರೆಸಿಕೊಂಡು, “ಬಂಡೆಗೆ ಯಾಕೆ ಹೇಳಿದ? ಸತ್ತೋರ ಮನೆಗೆ ಹೋಗಿ ಹೇಳ್ಬೇಕಲ್ವಾ?” ಅಂದ. ಮೇಡಂ ಅವನನ್ನು ಬಹಳ ಹೊತ್ತು ನೋಡಿ, “ಅಲ್ವಾ” ಅಂದರು. ಚಪ್ಪಲಿ ಮೆಟ್ಟಿದರು.

ನಾನು ಆಗ ಅಂತರಕಾಲೇಜು ಚರ್ಚಾಸ್ಪರ್ಧೆಗಳ ಹುಡುಗ. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಚೀಟಿ ಎತ್ತಿದ ಮೇಲೆ ನಿಲುವು. ದೇವರನ್ನು ನಂಬುತ್ತಿರಲಿಲ್ಲ, ತಾತನ ಕತೆಗಳನ್ನಂತೂ ಇಲ್ಲವೇ ಇಲ್ಲ. ಚರ್ಚಾಸ್ಪರ್ಧೆಯಲ್ಲಿ ಮೌನಕ್ಕೆ ಅಂಕವಿಲ್ಲ, ಗಂಟೆ ಹೊಡೆಯುವವರೆಗೂ ತುಂಬಿಸುತ್ತಿರಬೇಕು. ಹಾಗೆ ಪಳಗಿದವನ ಕಣ್ಣಿಗೆ ಮೇಡಂ ಸೋಮಾರಿಯಾಗಿ ಕಾಣುತ್ತಿದ್ದರು. ಒಂದು ಸಲ ತಾತ, ನಮ್ಮ ದೇವಸ್ಥಾನದ ಗರ್ಭಗುಡಿ ಪಾಂಡವರು ವನವಾಸದಲ್ಲಿ ಕಟ್ಟಿದ್ದು ಎಂದು ಜಗುಲಿಗೆ ಬಂದು ಹೇಳಿದರು. ಮೇಡಂ, “ಅಂಗಂತಾರೆ ಸ್ವಾಮಿ” ಅಂದರು. ನನಗೆ ಮೈ ಉರಿಯಿತು. ಬಸ್‌ಸ್ಟ್ಯಾಂಡಿನವರೆಗೂ ಅವರ ಹಿಂದೆ ಹೋದೆ.

“ಅಲ್ಲ ಮೇಡಂ, ಕಂಬ ನೋಡಿದರೇ ಯಾವ ಕಾಲದ್ದು ಅಂತ ಗೊತ್ತಾಗುತ್ತೆ. ಮಕ್ಕಳ ಎದುರಿಗೆ ಸತ್ಯ ಹೇಳಬೇಕೋ ಬೇಡವೋ?”

“ಆ ಯಪ್ಪನ್ ಜಗುಲಿ ಮ್ಯಾಲೆ ಕುಂತು ಆ ಯಪ್ಪನ್ನೇ ಸೋಲ್ಸಿ ನಾನೇನಪ್ಪ ಮಾಡ್ಲಿ? ಸ್ರೀದರಂಗೂ ಕಣ್ಣದೆ. ಕಂಬ ಅಲ್ಲೇ ಅದೆ. ಎಲ್ಲೂ ಓಗಲ್ಲ.”

“ಅವನು ನೋಡದೇ ಹೋದರೆ?”

“ನಾನ್ ಯೇಳ್ಬುಟ್ರೆ ನೋಡೋದೇ ಇಲ್ಲ ಕಣಪ್ಪ. ಆ ಮಕ್ಳಿಗೆ ಏನ್ ಯೇಳುದ್ರೂ ಮಂತ್ರ ಆಗೋಯ್ತದೆ. ನಂಗೆ ಅದೇ ಭಯ.”

ಇದನ್ನು ನಾನು ನುಣುಚಿಕೊಳ್ಳುವ ಮಾತು ಎಂದುಕೊಂಡೆ. ಎದುರು ಪಕ್ಷದವರು ಉತ್ತರವಿಲ್ಲದಾಗ ಹೀಗೇ ಒಂದು ಚಂದದ ಮಾತು ಹೇಳಿ ಕೂರುತ್ತಾರೆ.

ಒಂದು ಶನಿವಾರ ಬುಟ್ಟಿಯಿಂದ ಮಡಕೆಯ ಚೂರು ಬಂತು. ತಮ್ಮನ ಗದ್ದೆಯಲ್ಲಿ ನೇಗಿಲಿಗೆ ಸಿಕ್ಕಿದ್ದು. ಒಳಗೆ ಕಪ್ಪು, ಹೊರಗೆ ಕೆಂಪು. ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು. ಹಸಿ ಇದ್ದಾಗ ಯಾರೋ ಒತ್ತಿ ಹಿಡಿದ ಗುರುತು. “ಇದು ಬಾಳ ಅಳೇದು” ಎಂದು ಜಗುಲಿಯ ಮೇಲಿಟ್ಟರು.

“ಎಷ್ಟು ಹಳೇದು?” ಗುಂಡ.

“ದೇವಸ್ಥಾನಕ್ಕಿಂತ ಅಳೇದು.”

“ಪಾಂಡವರಿಗಿಂತ?”

“ಗೊತ್ತಿಲ್ಲ.”

ಗುಂಡ ಗುರುತಿನೊಳಗೆ ತನ್ನ ಹೆಬ್ಬೆರಳು ಇಟ್ಟ. ಸಡಿಲವಾಯಿತು. ಶ್ರೀಧರ ಇಟ್ಟ. ಸರಿಯಾಗಿ ಕೂತಿತು. ಅವನು ಬೆರಳನ್ನು ತೆಗೆಯಲಿಲ್ಲ. ಸುಮಾರು ಹೊತ್ತು ಹಾಗೇ ಇಟ್ಟುಕೊಂಡಿದ್ದು, ಒಳಗೆ ತಾತ ಇದ್ದಾರೋ ಎಂದು ಒಮ್ಮೆ ತಿರುಗಿ ನೋಡಿ, ಸಣ್ಣ ದನಿಯಲ್ಲಿ ಕೇಳಿದ: “ಮೇಡಂ, ಇದನ್ನ ಮಾಡಿದವರಿಗೆ ನಮ್ಮ ಮಂತ್ರ ಗೊತ್ತಿತ್ತಾ?”

ಮೇಡಂ ಚೂರನ್ನು ಅವನ ಕೈಯಲ್ಲೇ ಬಿಟ್ಟು, “ಇಟ್ಕೊ. ಪ್ರಶ್ನೇನೂ ಇಟ್ಕೊ. ಯಾರ್‌ಗೂ ಕೊಡ್ಬ್ಯಾಡ” ಎಂದು ಎದ್ದರು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಅವರ ನಡಿಗೆ ಬೇರೆಯಾಗಿತ್ತು. ಬುಟ್ಟಿ ಬೀಸುತ್ತಾ ನಡೆಯುತ್ತಿದ್ದರು. “ಆ ಮನೇಗ್ ಬಂದಾಗಿಂದ ಇದಕ್ಕೇ ಕಾಯ್ತಿದ್ದೆ ಕಣಪ್ಪ” ಅಂದರು. “ಸಂಥೆ ಯೇಳೋ ಹುಡ್ಗ. ಮಂತ್ರ ಇಲ್ದೇ ಇದ್ ಕಾಲ ಒಂದಿತ್ತಾ ಅಂತ ಅವ್ನಿಗವ್ನೇ ಕೇಳ್ದ. ಇನ್ನೇನ್ ಬೇಕು? ಇನ್ನು ಒಂದ್ ವರ್ಷ ಅವನ್ನ ಮುಟ್ಟಬಾರ್ದು.”

ಆಮೇಲೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು, ಮೈಸೂರಿನಲ್ಲಿ. ಕೆಲವು ವಾರ ಬರುವ ಹಾಗಿರಲಿಲ್ಲ. ನನಗೆ ರಜೆ ಇತ್ತು. “ನೀನೇ ಹುಡುಗರನ್ನ ಕೂರಿಸ್ಕೊಳೋ, ಹೇಗೂ ಮಾತಾಡ್ತಾನೇ ಇರ್ತೀಯ” ಎಂದಳು ಅಕ್ಕ.

ಮೊದಲ ದಿನವೇ ಶ್ರೀಧರ ಮಡಕೆಯ ಚೂರು ತಂದು ನನ್ನ ಮುಂದಿಟ್ಟ. ಅದೇ ಪ್ರಶ್ನೆ ಕೇಳಿದ. ನನಗೆ ಗೊತ್ತಿತ್ತು, ಅದನ್ನು ಮುಟ್ಟಬಾರದೆಂದು. ಗೊತ್ತಿರಲಿಲ್ಲ ಎಂದು ವಾದಿಸಲಾರೆ. ದಾರಿಯಲ್ಲಿ ಅವರು ಹೇಳಿದ್ದು ನನಗೇ. ಆದರೆ ಒಬ್ಬ ಹುಡುಗ ಕಣ್ಣರಳಿಸಿ ಕೇಳುತ್ತಿದ್ದಾನೆ, ನನ್ನ ಬಳಿ ಉತ್ತರವಿದೆ, ಗಂಟೆ ಇನ್ನೂ ಹೊಡೆದಿಲ್ಲ.

ಹೇಳಿದೆ. ಎಲ್ಲವನ್ನೂ ಹೇಳಿದೆ. ಗೊತ್ತಿರಲಿಲ್ಲ ಕಣೋ, ಅವರು ಬೇರೆ ಜನ, ಅವರ ಮಾತು ಬೇರೆ, ದೇವರು ಬೇರೆ ಎಂದೆ. ಸತ್ತವರನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು ಎಂದೆ. ಮೊದಲು ತಾಮ್ರ ಎಂದು ಶುರುಮಾಡಿ, ಅಲ್ಲ, ತಡೀರಿ, ಮೊದಲು ಕಲ್ಲು ಎಂದು ತಿದ್ದಿಕೊಂಡು, ಕಬ್ಬಿಣದವರೆಗೆ ಬಂದೆ. ಯಾರು ಎಲ್ಲಿಂದ ಬಂದರು, ಯಾವ ದಾರಿಯಲ್ಲಿ ಬಂದರು ಎಂಬುದನ್ನು ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಪಾಂಡವರನ್ನೂ ಬಿಡಲಿಲ್ಲ. ಕೊನೆಗೆ ಚರ್ಚಾಸ್ಪರ್ಧೆಯಲ್ಲಿ ನನಗೆ ಕಪ್ ಗೆದ್ದುಕೊಟ್ಟಿದ್ದ ಮುಕ್ತಾಯ: “ಯಾರೋ ಹೇಳಿದರು ಅಂತ ಯಾವುದನ್ನೂ ನಂಬಬೇಡಿ. ತಾತ ಹೇಳಿದರೂ ನಂಬಬೇಡಿ. ಪುರಾವೆ ಎಲ್ಲಿ ಅಂತ ಕೇಳಿ.” ಗುಂಡ ಎದ್ದು ಆಡಲು ಹೋಗಿಯಾಗಿತ್ತು. ಶ್ರೀಧರ ಕದಲದೆ ಕೂತು ಕೇಳಿದ. ಅವನ ತಲೆ ಆಗೀಗ ಸ್ವಲ್ಪ ಬಗ್ಗುತ್ತಿತ್ತು, ಏಳುತ್ತಿತ್ತು. ಒಪ್ಪುತ್ತಿದ್ದಾನೆ ಎಂದುಕೊಂಡೆ.

ಮೇಡಂ ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದ ದಿನ ನಾನೂ ಇದ್ದೆ. ಕೂತು ಸುಧಾರಿಸಿಕೊಂಡ ಮೇಲೆ, “ಏನ್ ಮಗ, ಪ್ರಶ್ನೆ ಅದ್ಯಾ?” ಎಂದು ಕೇಳಿದರು.

“ಮಾವ ಹೇಳಿಕೊಟ್ರು ಮೇಡಂ. ಒಪ್ಪಿಸ್ಲಾ?” ಎಂದ ಶ್ರೀಧರ. ಬೆನ್ನು ನೆಟ್ಟಗೆ ಮಾಡಿದ, ಕಣ್ಣು ಮುಚ್ಚಿದ, ಶುರು ಮಾಡಿದ. ನನ್ನ ಭಾಷಣ. ಒಂದು ಅಕ್ಷರ ಬಿಡಲಿಲ್ಲ. ಸ್ವರಸಹಿತ. ‘ಬೇರೆ ಜನ’ದಲ್ಲಿ ತಲೆ ಬಗ್ಗಿತು, ‘ದೇವರು ಬೇರೆ’ ಅನ್ನುವಾಗ ಎದ್ದಿತು. “ಮೊದಲು ತಾಮ್ರ, ಅಲ್ಲ, ತಡೀರಿ, ಮೊದಲು ಕಲ್ಲು” ಎಂಬುದೂ ಹಾಗೇ ಬಂತು, ತಡೀರಿ ಸಹಿತ. “ಯಾರೋ ಹೇಳಿದರು ಅಂತ ಯಾವುದನ್ನೂ ನಂಬಬೇಡಿ” ಎಂಬಲ್ಲಿಗೆ ಬಂದಾಗ ಅದು ಎಷ್ಟು ಇಂಪಾಗಿತ್ತೆಂದರೆ, ಒಳಗಿದ್ದ ತಾತ ಬಾಗಿಲಿಗೆ ಬಂದು ನಿಂತರು. “ತಾತ ಹೇಳಿದರೂ ನಂಬಬೇಡಿ.” ಅವರು ಅರ್ಥವನ್ನು ಕೇಳಿಸಿಕೊಂಡರೋ ಸ್ವರವನ್ನು ಮಾತ್ರವೋ ನನಗೆ ಇವತ್ತಿಗೂ ತಿಳಿಯದು. “ಉಸಿರು ಚೆನ್ನಾಗಿ ನಿಲ್ಲಿಸ್ತೀಯ ಮರಿ” ಎಂದು ಒಳಗೆ ಹೋದರು.

ಮೇಡಂ ಮೊದಲು ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಲುಕುವಷ್ಟು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಕನ್ನಡಕ ತೆಗೆದು, “ಬಾಳ ಚೆನ್ನಾಗ್ ಒಪ್ಪುಸ್ದೆ ಮಗ. ನಿನ್ ಪ್ರಶ್ನೆ ಎಲ್ಲೋಯ್ತು?” ಎಂದು ಕೇಳಿದರು.

“ಅದು ಮುಗೀತಲ್ಲ ಮೇಡಂ” ಎಂದ ಶ್ರೀಧರ. ಏನೂ ಬೇಸರವಿಲ್ಲದೆ ಅಂದ. ಒಂದು ಅಧ್ಯಾಯ ಮುಗಿದಾಗ ಅವರ ಮನೆಯಲ್ಲಿ ಹೇಳುವ ಹಾಗೆ.

ಬಸ್‌ಸ್ಟ್ಯಾಂಡಿನಲ್ಲಿ ನಾನು ವಾದಕ್ಕೆ ಸಿದ್ಧನಾಗಿಯೇ ನಿಂತಿದ್ದೆ. ನಾನು ಹೇಳಿದ್ದರಲ್ಲಿ ತಪ್ಪೇನು ಎಂದು ಕೇಳಿದೆ.

“ತಪ್ಪಿಲ್ಲ ಬುಡು. ಅರ್ಧ ಸರಿ ಅದೆ. ಇನ್ನರ್ಧ ಯಾರ್‌ಗೂ ಗೊತ್ತಿಲ್ಲ. ಆ ಮಡ್ಕೆ ಮಾಡ್ದೋರು ಏನ್ ಮಾತಾಡ್ತಿದ್ರು ಅಂತ ನಿಂಗ್ ಯಾರಪ್ಪ ಯೇಳುದ್ರು? ಆದ್ರೆ ಅದಲ್ಲ ನನ್ ಸಂಕ್ಟ.”

“ಮತ್ತೇನು?”

ಅವರು ಅಂಗೈ ಮೇಲೆ ಮಾಡಿ ವಾಚು ನೋಡಿದರು. “ಅರ್ಕ್ಲಗೂಡ್ ಬಸ್ ಬಂತು” ಅಂದರು.

ಅವರು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು. ಎಷ್ಟೋ ಸಲ ಮನಸ್ಸಿನಲ್ಲೇ ಈ ಪ್ರಕರಣವನ್ನು ನಡೆಸಿದ್ದೇನೆ. ಪ್ರಶ್ನೆ ಕೇಳಿದ ಮಗುವಿಗೆ ಉತ್ತರ ಕೊಡುವುದು ಅಪರಾಧವಲ್ಲ. ಶಾಲೆಗೆ ಹೋಗಿದ್ದರೆ ಯಾರಾದರೂ ಮೇಷ್ಟರು ಇದಕ್ಕಿಂತ ಕೆಟ್ಟದಾಗಿ ಹೇಳಿರುತ್ತಿದ್ದರು. ಅಷ್ಟಕ್ಕೇ ಸಾಯುವ ಪ್ರಶ್ನೆ ಗಟ್ಟಿ ಪ್ರಶ್ನೆಯೇ ಅಲ್ಲ. ಒಂದೊಂದು ಅಂಶದಲ್ಲೂ ನಾನೇ ಗೆಲ್ಲುತ್ತೇನೆ. ಗೆದ್ದ ಮೇಲೆ ನೋಡಿದರೆ ಜಗುಲಿಯ ಮೇಲೆ ಆ ಹುಡುಗ ಚೂರಿನೊಳಗೆ ಹೆಬ್ಬೆರಳಿಟ್ಟು, ಒಳಬಾಗಿಲ ಕಡೆ ತಿರುಗಿ ನೋಡುತ್ತಿರುತ್ತಾನೆ.

ಮೇಡಂ ಬರುವುದನ್ನು ಬಿಡಲಿಲ್ಲ. ಬುಟ್ಟಿಯಿಂದ ವಸ್ತುಗಳೂ ಬರುತ್ತಿದ್ದವು. ಆದರೆ ಶ್ರೀಧರನಿಗೆ ರುಚಿ ಹತ್ತಿಬಿಟ್ಟಿತ್ತು. “ಮಾವ ಹೇಳಿದ ಹಾಗೆ ಪೂರ್ತಿ ಹೇಳಿ ಮೇಡಂ” ಎನ್ನುತ್ತಿದ್ದ. ಗುಂಡ ವೇದ ಒಲ್ಲೆ ಎಂದು ಹಟ ಹಿಡಿದು ಶಾಲೆಗೆ ಸೇರಿದ. ದೊಡ್ಡವನ ಪರೀಕ್ಷೆ ಹತ್ತಿರವಾದಾಗ ಮೇಡಂ, ತಾವು ಎಂದೂ ಮಾಡದ ಕೆಲಸ ಮಾಡಿದರು. ಪೂರ್ತಿ ಹೇಳಿದರು. ಕಾರಣಗಳು, ಪರಿಣಾಮಗಳು, ಎಲ್ಲ. ಆ ದಿನಗಳಲ್ಲಿ ನಾನು ಒಂದು ಸಲ ಹೋಗಿದ್ದೆ. ಅವರು ಕಣ್ಣು ನೆಲಕ್ಕೆ ನೆಟ್ಟು ಒಂದೊಂದೇ ಸಾಲು ಹೇಳುತ್ತಿದ್ದರು, ಹುಡುಗ ಎರಡೆರಡು ಸಲ ಹೇಳುತ್ತಿದ್ದ. ನನ್ನನ್ನು ನೋಡಿ ಅವರು ನಿಲ್ಲಿಸಲಿಲ್ಲ. ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಅವನು ಚರಿತ್ರೆಯಲ್ಲಿ ಒಳ್ಳೆಯ ಅಂಕ ತೆಗೆದ. ಅಕ್ಕ ಮೈಸೂರುಪಾಕು ಕಟ್ಟಿಕೊಟ್ಟಳು. ಮೇಡಂ ಮತ್ತೆ ಬರಲಿಲ್ಲ.

ಕೊಣನೂರಿಗೆ ನಾನು ಹೋಗಬಹುದಿತ್ತು. ಹಾಸನದಿಂದ ಎಷ್ಟು ದೂರ? ಕೇಸಿನ ಮೇಲೆ ಆ ಕಡೆ ಹೋದಾಗಲೂ ಅವರ ಮನೆಯ ತಿರುವು ಬಂದರೆ ಡೈರಿ ತೆರೆದು ನೋಡುತ್ತಿದ್ದೆ. ಈಗ ಇದನ್ನು ಬರೆಯುತ್ತಿದ್ದೇನೆ. ಗುಂಡ ಓದಿದರೆ, ಆ ಬಂಡೆಯ ರಾಜನ ಬಗ್ಗೆ ಕೇಳಿದ್ದನ್ನೇ ಕೇಳುತ್ತಾನೆ ಎಂದು ನನಗೆ ಗೊತ್ತಿದೆ.

ಸುದ್ದಿ ತಿಳಿದ ಮೇಲಿನ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದೆ. ಶ್ರೀಧರ ಈಗ ಅಲ್ಲಿ ಒಂದು ದೇವಸ್ಥಾನದಲ್ಲಿದ್ದಾನೆ. ಬೆಳಿಗ್ಗೆ ನಾಲ್ಕಾರು ಮಕ್ಕಳಿಗೆ ಪಾಠವನ್ನೂ ಹೇಳುತ್ತಾನೆ. ಒಳ್ಳೆಯ ಹುಡುಗ, ಅಚ್ಚುಕಟ್ಟು, ಎಲ್ಲರಿಗೂ ಬೇಕಾದವನು. ಅವನ ಬದುಕು ಕೆಟ್ಟಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ, ಕೆಟ್ಟಿಲ್ಲ. ಮೇಡಂ ಹೋದರಂತೆ ಎಂದೆ. ಅವನು ಕೈಯಲ್ಲಿದ್ದ ಹೂವಿನ ತಟ್ಟೆಯನ್ನು ಕೆಳಗಿಟ್ಟು ಕೂತುಬಿಟ್ಟ. ಕಣ್ಣಲ್ಲಿ ನೀರು ಬಂತು.

“ಅವರು ಹೇಳಿಕೊಟ್ಟಿದ್ದು ನನಗೆ ಇವತ್ತಿಗೂ ಬರುತ್ತೆ ಮಾವ” ಎಂದ. “ಕೇಳ್ತೀರಾ?”

ನಾನು ಹ್ಞೂಂ ಎನ್ನುವ ಮೊದಲೇ ಶುರುವಾಯಿತು. ಅವರು ಬೇರೆ ಜನ. ಅವರ ಮಾತು ಬೇರೆ, ದೇವರು ಬೇರೆ. ದನಿ ಒಡೆದು ಗಂಡಸಿನ ದನಿಯಾಗಿತ್ತು, ಅಷ್ಟೇ ವ್ಯತ್ಯಾಸ. ಮೊದಲು ತಾಮ್ರ, ಅಲ್ಲ, ತಡೀರಿ, ಮೊದಲು ಕಲ್ಲು. ಪ್ರಾಕಾರದಲ್ಲಿ ಒಂದಿಬ್ಬರು ನಿಂತು ಭಕ್ತಿಯಿಂದ ಕೇಳಿದರು. ಯಾರೋ ಹೇಳಿದರು ಅಂತ ಯಾವುದನ್ನೂ ನಂಬಬೇಡಿ. ಪುರಾವೆ ಎಲ್ಲಿ ಅಂತ ಕೇಳಿ, ಎಂದು ಮುಗಿಸಿ ಅವನು ಕಣ್ಣು ಒರೆಸಿಕೊಂಡ.

“ಎಷ್ಟೊಂದು ಹೇಳಿಕೊಟ್ಟಿದ್ರು ಅಲ್ವಾ ಮಾವ, ಅವರು.”

ಇದನ್ನು ನಾನು ತಡೆಯಲಾರದೆ ಹೋದೆ. “ಅದು ಅವರು ಹೇಳಿದ್ದಲ್ಲ ಕಣೋ” ಎಂದೆ. “ನಾನು ಹೇಳಿದ್ದು.”

ಶ್ರೀಧರನ ಹುಬ್ಬು ಗಂಟಿಕ್ಕಿತು. ಅವನ ಮುಖದಲ್ಲಿ ಆ ಗಂಟನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಉಜ್ಜುತ್ತಿತ್ತು.

“ಹೌದಾ?” ಅಂದ. “ಮತ್ತೆ ಅವರು ಹೇಳಿದ್ದು ಯಾವುದು?”

ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಮುಚ್ಚಿ, ತಲೆಯನ್ನು ಒಂದಿಷ್ಟು ಬಗ್ಗಿಸಿ, ನಾನು ಹೇಳುವುದನ್ನು ಎರಡು ಸಲ ಹೇಳಲು ಕಾಯುತ್ತಾ ಕುಳಿತ.